ಕಾರಣ ಬರೆಯದ ಪ್ರಮೇಯ

ತಮ್ಮನ ಹೆಂಡತಿ ಹತ್ತನೇ ತರಗತಿಯ ಗಣಿತದಲ್ಲಿ ಮತ್ತೊಮ್ಮೆ ನಪಾಸಾದಳೆಂಬ ಸುದ್ದಿ ನನಗೆ ಮುಟ್ಟಿದ್ದು ಭಾಲ್ಕಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ. ನಾನು ಗಣಿತದ ಶಿಕ್ಷಕಿ. ಅಂದು ನಮ್ಮ ಶಾಲೆಯ ಫಲಿತಾಂಶ ಚೆನ್ನಾಗಿ ಬಂದಿತ್ತು, ಯಾರೋ ಪೇಢೆ ತರಿಸಿದ್ದರು. ಪೇಢೆ ಕೈಯಲ್ಲಿ ಹಿಡಿದುಕೊಂಡೇ ಆಕೆಯ ಫೋನು ಎತ್ತಿದೆ. ಆಕೆ ಅಳಲಿಲ್ಲ. "ಹೋತ್ರಿ ಅಕ್ಕೋರ" ಎಂದಷ್ಟೇ ಅಂದಳು. ಊರಲ್ಲಿ ಎಲ್ಲರ ಮಕ್ಕಳಿಗೆ ಗಣಿತ ಕಲಿಸಿ, ನಮ್ಮ ಮನೆಯವಳನ್ನೇ ಪಾಸು ಮಾಡಿಸಲಾಗದಿದ್ದರೆ ಈ ಡಸ್ಟರು ಹಿಡಿದು ಏನು ಸಾರ್ಥಕ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಆ ಪೇಢೆಯನ್ನು ಮತ್ತೆ ಡಬ್ಬಿಯಲ್ಲಿಟ್ಟೆ.

ತಮ್ಮ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಬೀದರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ದಿನಾ ಔರಾದಿನಿಂದ ಬಸ್ಸಿನಲ್ಲಿ ಹೋಗಿ ಬರುವವನು ಒಂದು ಸಂಜೆ ಎದೆನೋವೆಂದು ಸೀಟಿಗೆ ಒರಗಿದ. ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಕ್ಕಳಾಗಿರಲಿಲ್ಲ. ಔರಾದಿನ ಮನೆಯಲ್ಲಿ ಉಳಿದದ್ದು ಇಬ್ಬರೇ, ನಮ್ಮ ಅವ್ವ ಮತ್ತು ಆತನ ಹೆಂಡತಿ. ಅವ್ವನಿಗೆ ಕಣ್ಣು ಮಂಜಾಗಿ ಬಹಳ ದಿನಗಳಾಗಿದ್ದವು. ಬಾಗಿಲ ಸಪ್ಪಳ, ಚಪ್ಪಲಿಯ ಸಪ್ಪಳ ಕೇಳಿ ಯಾರು ಬಂದರೆಂದು ಹೇಳುತ್ತಿದ್ದಳು.

ಅನುಕಂಪದ ಆಧಾರದ ಮೇಲೆ ತಮ್ಮನ ಹೆಂಡತಿಗೆ ಅದೇ ಕಚೇರಿಯಲ್ಲಿ ಕೆಲಸ ಸಿಗುವುದಿತ್ತು. ಆದರೆ ಹತ್ತನೇ ತರಗತಿ ಪಾಸಾಗಿರಬೇಕು, ಅದೂ ಆ ವರ್ಷದೊಳಗೆ, ಎಂದು ಕಚೇರಿಯವರು ಹೇಳಿದ್ದರು. ಆಕೆ ಕಮಲನಗರದ ಶಾಲೆಯಲ್ಲಿ ಓದುವಾಗ ಉಳಿದೆಲ್ಲ ವಿಷಯ ಪಾಸಾಗಿ ಗಣಿತವೊಂದನ್ನು ಉಳಿಸಿಕೊಂಡಿದ್ದಳು. ಅದೇ ಬೇಸಿಗೆಯಲ್ಲಿ ಮದುವೆ. ಆಮೇಲೆ ಆ ಒಂದು ವಿಷಯ ಯಾರಿಗೂ ಬೇಕಾಗಿರಲಿಲ್ಲ. ಈಗ ಅದೇ ಬೇಕಾಗಿತ್ತು. ಕೆಲಸ ಸಿಗದಿದ್ದರೆ ಕಮಲನಗರಕ್ಕೆ ಬಂದುಬಿಡು ಎಂದು ಆಕೆಯ ಅಣ್ಣಂದಿರು ಹೇಳಿಕಳಿಸಿದ್ದರು. ಅವರು ಕೆಟ್ಟವರೇನಲ್ಲ. ಆದರೆ ಆ ಮನೆಯಲ್ಲಿ ಆಕೆಗೆ ಸಿಗುವ ಜಾಗ ಯಾವುದೆಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಡುಗೆಮನೆಯ ಒಲೆಯ ಮುಂದೆ ಒಂದು ಮಣೆ. ಉಳಿದದ್ದು ಜೂನಿನ ಪರೀಕ್ಷೆ ಒಂದೇ.

ಬೇಸಿಗೆ ರಜೆ ನಡೆದಿತ್ತು, ಮರುದಿನವೇ ಬಟ್ಟೆ ಕಟ್ಟಿಕೊಂಡು ಔರಾದಿಗೆ ಹೋದೆ. ನಮ್ಮ ಮನೆಯವರು ಹೋಗಿ ಬಾ ಎಂದರು. ಮೇ ತಿಂಗಳ ಔರಾದು ಹೇಗಿರುತ್ತದೆಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಹೊತ್ತು ಏರುವ ಮುಂಚೆ ಎರಡು ತಾಸು, ಹೊತ್ತು ಇಳಿದ ಮೇಲೆ ಎರಡು ತಾಸು ಎಂದು ಪಾಠಕ್ಕೆ ಸಮಯ ಗೊತ್ತು ಮಾಡಿದೆ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ನಾವಿಬ್ಬರು ಕೂತರೆ, ಕಂಬಕ್ಕೆ ಒರಗಿ ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂರುತ್ತಿದ್ದಳು. ಕಣ್ಣು ಕಾಣದಿದ್ದರೂ ಬೆರಳಿಗೆ ಹರಳು ಸಿಗುತ್ತಿದ್ದವು.

ವೃತ್ತಗಳ ಅಧ್ಯಾಯದಿಂದಲೇ ಶುರು ಮಾಡಿದೆ. ಶಿಕ್ಷಕರಾದ ನಮಗೆ ಅದು ಗೊತ್ತಿರುವ ದಾರಿ. ಓದಿನಲ್ಲಿ ಹಿಂದುಳಿದವರನ್ನು ದಡ ಮುಟ್ಟಿಸಲು ಪಾಸಿಂಗ್ ಪ್ಯಾಕೇಜ್ ಎಂದು ಒಂದು ಗಂಟು ಕಟ್ಟಿರುತ್ತೇವೆ. ಅದರಲ್ಲಿ ಸ್ಪರ್ಶಕಗಳ ಪ್ರಮೇಯ ಇದ್ದೇ ಇರುತ್ತದೆ. ವೃತ್ತದ ಹೊರಗಿನ ಒಂದು ಬಿಂದುವಿನಿಂದ ಆ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳೂ ಒಂದೇ ಉದ್ದ ಇರುತ್ತವೆ, ಅದನ್ನು ಸಾಧಿಸಬೇಕು. ಏಪ್ರಿಲ್ ಪರೀಕ್ಷೆಗೆ ಮುಂಚೆ ಭಾನುವಾರಗಳಲ್ಲಿ ಬಂದು ಅದನ್ನು ಆಕೆಗೆ ಬಾಯಿಪಾಠ ಮಾಡಿಸಿದ್ದೆ. ಚಿತ್ರ ಬರೆಯುತ್ತಿದ್ದಳು, ಸಾಲುಗಳನ್ನೂ ಬರೆಯುತ್ತಿದ್ದಳು. ಆದರೂ ಅಂಕ ಎಲ್ಲಿ ಹೋದವು ಎಂದು ನೋಡಲು ಮೊದಲ ದಿನವೇ ಅದನ್ನು ಬರೆದು ತೋರಿಸು ಎಂದೆ.

ಬರೆದಳು. ಅಕ್ಷರ ಮುದ್ದಾಗಿತ್ತು. ಸಾಧನೆಯ ಎಡಗಡೆ ಹೇಳಿಕೆ, ಬಲಗಡೆ ಕಾರಣ. ಎಡಗಡೆ ಎಲ್ಲ ಸರಿಯಾಗಿತ್ತು. ಬಲಗಡೆ, ಮೇಲಿನಿಂದ ಕೆಳಗಿನವರೆಗೆ, ಪ್ರತಿ ಸಾಲಿನ ಮುಂದೆ "ದತ್ತ" ಎಂದು, ಅಂದರೆ ಪ್ರಶ್ನೆಯಲ್ಲೇ ಕೊಟ್ಟಿದೆ ಎಂದು, ಬರೆದಿದ್ದಳು. ತ್ರಿಜ್ಯಗಳು ಸಮ, ಕಾರಣ ದತ್ತ. ಕೋನ ಲಂಬ, ಕಾರಣ ದತ್ತ. ತ್ರಿಭುಜಗಳು ಸರ್ವಸಮ, ಕಾರಣ ದತ್ತ. ಕೊನೆಗೆ ಯಾವುದನ್ನು ಸಾಧಿಸಬೇಕಿತ್ತೋ ಅದರ ಮುಂದೆಯೂ ದತ್ತ.

ನನಗೆ ಮೊದಲಿಂದಲೂ ಬಾಯಿ ಬಿರುಸು. ಯಾರು ಕೊಟ್ಟರು ನಿನಗೆ ಇದನ್ನೆಲ್ಲ, ಎಲ್ಲಾ ಕೊಟ್ಟೇ ಬಿಟ್ಟಿದ್ದರೆ ಸಾಧಿಸುವುದೇನು, ಸೊಂಟ ಮುರಿಯುವಂತೆ ಕೂತು ಬರೆಯುವುದೇನು ಎಂದು ರೇಗಿದೆ. ಆಕೆ ಪೆನ್ಸಿಲ್ಲಿನ ತುದಿ ನೋಡುತ್ತ ಕೂತಳು.

"ಪುಸ್ತಕದವರು ಕೊಟ್ಟಾರಲ್ರಿ ಅಕ್ಕೋರ. ಅವರು ಹೇಳಿದ ಮ್ಯಾಲ ನಾ ಯಾಕ ಅಂತ ಹ್ಯಾಂಗ ಕೇಳಲಿ?"

ಇದನ್ನು ಆಕೆ ಕೊಂಕಿನಿಂದ ಹೇಳಲಿಲ್ಲ, ನಿಜವಾಗಿ ಕೇಳಿದ್ದಳು. ನನ್ನ ಸಿಟ್ಟು ಅಲ್ಲೇ ನಿಂತಿತು. ಆಕೆ ಈ ಮನೆಗೆ ಬಂದಂದಿನಿಂದ ನಾನು ನೋಡಿದ್ದು ಹಾಗೆಯೇ. ಏಳು ಎಂದರೆ ಏಳುವುದು, ಈ ಹಬ್ಬಕ್ಕೆ ಈ ಅಡುಗೆ ಎಂದರೆ ಆ ಅಡುಗೆ. ತಮ್ಮ ಹೋದಾಗ ಹಿರಿಯ ಹೆಂಗಸರು ಸುತ್ತ ಕೂತು ಕೈಯ ಹಸಿರು ಬಳೆ ತೆಗೆಸಿದರು. ಆಗಲೂ ಕೈ ಮುಂದೆ ಮಾಡಿದಳೇ ಹೊರತು ಒಂದು ಮಾತು ಕೇಳಲಿಲ್ಲ. ಕೇಳುವ ರೂಢಿಯೇ ಇಲ್ಲದವಳಿಗೆ ಪ್ರಮೇಯದ ಬಲಗಡೆ ಏನು ಬರೆಯಬೇಕೆಂದು ಹೇಗೆ ತಿಳಿಯಬೇಕು? ನಾವು ಶಿಕ್ಷಕರೂ ಪ್ಯಾಕೇಜಿನ ಹೆಸರಿನಲ್ಲಿ ಮಾಡುವುದು ಅದನ್ನೇ, ಕೇಳಬೇಡ, ಬರೆ ಎನ್ನುತ್ತೇವೆ.

ಅಂದಿನಿಂದ ಪ್ಯಾಕೇಜು ಬದಿಗಿಟ್ಟೆ. ನಾನು ಒಂದು ಸಾಲು ಹೇಳುವುದು, ಆಕೆ ಯಾಕ ಎಂದು ಕೇಳುವುದು. ಕೇಳದಿದ್ದರೆ ನಾನು ಮುಂದಿನ ಸಾಲಿಗೆ ಹೋಗುವುದಿಲ್ಲ. ಮೊದಲೆರಡು ದಿನ ಆಕೆಗೆ ಬಾಯಿಯೇ ಬರಲಿಲ್ಲ. ಸುಮ್ಮನೆ ನನ್ನ ಮುಖ ನೋಡುವಳು, ನಾನು ಸುಮ್ಮನೆ ಬೀಸಣಿಗೆ ಬೀಸಿಕೊಳ್ಳುತ್ತ ಕೂರುವೆ. ಕಂಬದ ಬುಡದಲ್ಲಿ ಅವ್ವನ ಮೊರದ ಸಪ್ಪಳ. ಮೂರನೆಯ ದಿನ ಪಿಸುಮಾತಿನಲ್ಲಿ ಕೇಳಿದಳು, ಸ್ಪರ್ಶಕಕ್ಕೂ ತ್ರಿಜ್ಯಕ್ಕೂ ನಡುವೆ ಲಂಬಕೋನವೇ ಯಾಕೆ ಆಗಬೇಕು, ತುಸು ಓರೆಯಾದರೆ ಏನಾಗುತ್ತದೆ ಎಂದು.

ಇಂಥ ಪ್ರಶ್ನೆಯನ್ನು ಜಾಣ ಮಕ್ಕಳೂ ಕೇಳುವುದಿಲ್ಲ, ಅವರಿಗೆ ಅಂಕ ಬಂದರೆ ಸಾಕು. ಸ್ಪರ್ಶಕ ವೃತ್ತವನ್ನು ಒಂದೇ ಒಂದು ಬಿಂದುವಿನಲ್ಲಿ ಮುಟ್ಟುತ್ತದೆ, ಅದರ ಉಳಿದ ಬಿಂದುಗಳೆಲ್ಲ ವೃತ್ತದ ಹೊರಗೇ ಇರುತ್ತವೆ ಎಂದೆ. ಹಾಗಾದರೆ ಆ ಗೆರೆಯ ಮೇಲೆ ಕೇಂದ್ರಕ್ಕೆ ಎಲ್ಲಕ್ಕಿಂತ ಹತ್ತಿರದ ಬಿಂದು ಯಾವುದು ಎಂದು ತಿರುಗಿ ಕೇಳಿದೆ. ಮುಟ್ಟಿದ ಬಿಂದುವೇ ಎಂದಳು. ಒಂದು ಬಿಂದುವಿನಿಂದ ಒಂದು ಗೆರೆಗೆ ಹತ್ತಿರದ ದಾರಿ ಹೇಗಿರುತ್ತದೆ ಎಂದೆ. ಆಕೆ ಬಾಗಿಲ ಕಡೆ ನೋಡಿದಳು. ನಮ್ಮ ಮನೆಯ ಬಾಗಿಲ ಮುಂದೆ ರಸ್ತೆ.

"ಬಾಗಿಲದಾಗಿಂದ ಸೀದಾ ಇಳದ್ರ ರಸ್ತಾ ಹತ್ರ ಅದರಿ. ಓರಿ ನಡದ್ರ ದೂರ. ಸೀದಾ ಅಂದ್ರ ಲಂಬನ ಅಲ್ರೀ?"

ಇದನ್ನು ಬಲಗಡೆ ಬರೆ ಎಂದೆ. ತನ್ನ ಮಾತಿನಲ್ಲೇ ಬರೆದುಕೊಂಡಳು, ಆಮೇಲೆ ಪುಸ್ತಕದ ಮಾತಿಗೆ ತಿರುಗಿಸಿದೆವು. ಅಂದು ಆಕೆ ಅಡುಗೆಮನೆಗೆ ಎದ್ದು ಹೋಗುವಾಗ ನಡಿಗೆ ಬೇರೆಯಾಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಷ್ಟೇ ದುಃಖವೂ ಆಯಿತು, ಯಾಕೆಂದರೆ ಇದನ್ನು ನೋಡಿ ನಗಬೇಕಾದವನು ಮನೆಯಲ್ಲಿರಲಿಲ್ಲ.

ಆಮೇಲಿನ ದಿನಗಳಲ್ಲಿ ಪಾಠಕ್ಕೆ ವೇಗ ಬಂತು. ಲೆಕ್ಕ ಮಾಡುವಾಗ ಗಡಿಯೂರಿನ ಆಕೆಯ ಬಾಯಲ್ಲಿ ಮರಾಠಿ ಬರುತ್ತಿತ್ತು, ಐದು ಮೂರಲೆ ಹದಿನೈದಕ್ಕೆ ಪಾಚ್ ತ್ರಿಕ್ ಪಂಧರಾ ಎಂದು ಗುಣಿಸಿ ಉತ್ತರವನ್ನು ಕನ್ನಡದಲ್ಲಿ ಬರೆಯುತ್ತಿದ್ದಳು. ಒಂದೇ ಕೇಂದ್ರದ ಎರಡು ವೃತ್ತಗಳ ಲೆಕ್ಕ ಆಕೆಗೆ ಬಹಳ ಹಿಡಿಸಿತು. ದೊಡ್ಡ ವೃತ್ತದ ಜ್ಯಾ, ಅಂಚಿನಿಂದ ಅಂಚಿಗೆ ಎಳೆದ ಗೆರೆ, ಒಳಗಿನ ಚಿಕ್ಕ ವೃತ್ತವನ್ನು ಮುಟ್ಟಿಕೊಂಡು ಹೋಗುತ್ತದೆ. ತ್ರಿಜ್ಯಗಳು ಐದು ಮತ್ತು ಮೂರು, ಜ್ಯಾದ ಉದ್ದ ಎಷ್ಟು? ಒಂದೇ ಗೆರೆ ದೊಡ್ಡದಕ್ಕೆ ಜ್ಯಾ, ಚಿಕ್ಕದಕ್ಕೆ ಸ್ಪರ್ಶಕ. ಕೇಂದ್ರದಿಂದ ಇಳಿಸಿದ ಲಂಬ ಜ್ಯಾವನ್ನು ಎರಡು ಸಮಭಾಗ ಮಾಡುತ್ತದೆ ಎಂದರೆ ಸಾಕು, ಯಾಕ ಎಂದು ಕೇಳಿ, ಎರಡು ತ್ರಿಭುಜ ಬರೆದು, ತಾನೇ ಕಾರಣ ಹುಡುಕಿ, ಎಂಟು ಎಂದು ಉತ್ತರ ತೆಗೆದಳು. ಈಗ ಯಾಕ ಎಂಬುದು ಆಕೆಗೆ ರೂಢಿಯಾಗುತ್ತ ಬಂದಿತ್ತು. ಅವ್ವ ಒಮ್ಮೆ, ಏನದು ಇಬ್ಬರೂ ಕೂಡಿ ದಿನವಿಡೀ ಯಾಕ ಯಾಕ ಅಂತೀರಿ ಎಂದು ಗೊಣಗಿದಳು.

ಮೇ ಮುಗಿಯುತ್ತಿದ್ದಾಗ ಪುಸ್ತಕದ ಒಂದು ಲೆಕ್ಕ ಬಂತು. ಬಳೆಯೊಂದನ್ನು ಇಟ್ಟು ವೃತ್ತ ಎಳೆದು, ಹೊರಗಿನ ಬಿಂದುವಿನಿಂದ ಅದಕ್ಕೆ ಸ್ಪರ್ಶಕಗಳನ್ನು ರಚಿಸಬೇಕು. ನಾನು ಎಷ್ಟೋ ವರ್ಷ ಅದನ್ನು ತರಗತಿಯಲ್ಲಿ ಮಾಡಿಸಿದ್ದೇನೆ. ಹೆಣ್ಣುಮಕ್ಕಳು ನಗುತ್ತ ಕೈಯಿಂದ ಬಳೆ ಜಾರಿಸಿ ಕಾಗದದ ಮೇಲೆ ಇಡುತ್ತಾರೆ. ಅಂದು ಆಕೆ ಅದನ್ನು ಗಟ್ಟಿಯಾಗಿ ಓದುತ್ತ ಬಳೆ ಎಂಬಲ್ಲಿ ನಿಲ್ಲಿಸಿದಳು. ಅವ್ವನ ಮೊರವೂ ನಿಂತಿತು. ನನ್ನ ಎರಡೂ ಕೈ ತುಂಬ ಬಳೆಗಳಿದ್ದವು. ಒಂದನ್ನು ತೆಗೆದು ಚಾಪೆಯ ಮೇಲಿಟ್ಟೆ. ಆಕೆ ಮುಟ್ಟಲಿಲ್ಲ, ಮುತ್ತೈದೆಯ ಕೈಯ ಬಳೆ ಬೇಡ ಎಂದು ಮೆಲ್ಲಗೆ ಹೇಳಿ ಒಳಗೆ ಹೋಗಿ ಅರಿಶಿನದ ಡಬ್ಬಿಯ ಮುಚ್ಚಳ ತಂದಳು. ಅವ್ವ ಏನಾದರೂ ಅಂದಾಳೆಂದು ಕಾದೆ. ಅವ್ವ ಬೇಳೆ ಹಸನು ಮಾಡತೊಡಗಿದಳು. ಆ ಮುಚ್ಚಳ, ಆ ಮೊರ, ಆ ಪುಸ್ತಕ ಎಲ್ಲವನ್ನೂ ಎತ್ತಿ ಅಂಗಳಕ್ಕೆ ಒಗೆಯುವಷ್ಟು ಸಿಟ್ಟು ಬಂದಿತ್ತು ನನಗೆ.

ಮುಚ್ಚಳದಿಂದ ವೃತ್ತ ಎಳೆದಳು. ಎಳೆದ ಮೇಲೆ ಗಾಬರಿಯಾಗಿ ನೋಡಿದಳು. ಕೈವಾರದಿಂದ ಎಳೆದ ವೃತ್ತಕ್ಕೆ ನಡುವೆ ಮುಳ್ಳು ಚುಚ್ಚಿದ ಗುರುತು ಇರುತ್ತದೆ. ಇದಕ್ಕೆ ಇರಲಿಲ್ಲ. ಕೇಂದ್ರವಿಲ್ಲದೆ ಸ್ಪರ್ಶಕ ರಚಿಸಲು ಬರುವುದಿಲ್ಲ. ಅಂದಾಜಿನಿಂದ ನಡುವೆ ಒಂದು ಚುಕ್ಕೆ ಇಡಲು ಹೋದಳು, ನಾನು ಕೈ ಹಿಡಿದೆ. ಎರಡು ಜ್ಯಾ ಎಳೆ, ಎಲ್ಲಿ ಬೇಕಾದರೂ ಎಳೆ, ಆದರೆ ಒಂದಕ್ಕೊಂದು ಸಮಾಂತರ ಬೇಡ ಎಂದೆ. ಒಂದೊಂದನ್ನೂ ಲಂಬವಾಗಿ ಅರ್ಧಿಸಿದರೆ ಆ ಎರಡು ಗೆರೆ ಕೂಡುವ ಜಾಗವೇ ಕೇಂದ್ರ. ಯಾಕ ಎಂದು ನಾನು ಹೇಳುವ ಮುಂಚೆಯೇ ಆಕೆಗೆ ಹೊಳೆಯಿತು, ಐದು ಮೂರರ ಲೆಕ್ಕದಲ್ಲಿ ಅದನ್ನು ಆಕೆ ತಿರುವಿ ಹಾಕಿದ್ದಳು. ಕೈವಾರ ಆಡಿಸಿ ಕಂಸಗಳನ್ನು ಎಳೆದಳು. ಗೆರೆಗಳು ಕೂಡಿದವು. ಸ್ಪರ್ಶಕಗಳನ್ನು ಎಳೆದು ಅಳತೆಪಟ್ಟಿ ಇಟ್ಟು ನೋಡಿದರೆ ಎರಡೂ ಸಮ. ನನ್ನ ಬಳೆ ಚಾಪೆಯ ಮೇಲೆ ಹಾಗೇ ಬಿದ್ದಿತ್ತು, ಕೊನೆಗೆ ನಾನೇ ಎತ್ತಿ ಹಾಕಿಕೊಂಡೆ.

ಪರೀಕ್ಷಾ ಕೇಂದ್ರ ಬೀದರಿನಲ್ಲಿತ್ತು. ಬೆಳಗಿನ ಬಸ್ಸಿಗೆ ಹೋಗಿ, ಚೌಬಾರಾ ಗೋಪುರದ ಹತ್ತಿರ ಚಹಾ ಕುಡಿದು, ಆಕೆಯನ್ನು ಒಳಗೆ ಕಳಿಸಿ ನಾನು ಗೇಟಿನ ಹೊರಗೆ ಬೇವಿನ ಮರದಡಿ ನಿಂತೆ. ಸಾವಿರ ಮಕ್ಕಳನ್ನು ಪರೀಕ್ಷೆಗೆ ಕಳಿಸಿದವಳು ನಾನು, ಅಂದು ಮಾತ್ರ ಘಳಿಗೆಗೊಮ್ಮೆ ಗೇಟಿನವರೆಗೆ ಹೋಗಿ ಬಂದೆ. ಗಂಟೆ ಹೊಡೆದ ಮೇಲೆ ತನ್ನ ಅರ್ಧ ವಯಸ್ಸಿನ ಮಕ್ಕಳ ನಡುವೆ ಆಕೆ ಸೆರಗು ಹೊದ್ದುಕೊಂಡು ಬಂದಳು. ಪ್ರಮೇಯ ಬಂದಿತ್ತಂತೆ.

"ಒಂದ ಸಾಲಿಗಿ ಅಷ್ಟ ದತ್ತ ಅಂತ ಬರದೇನ್ರಿ. ಅದು ಖರೇನ ಕೊಟ್ಟಿದ್ರು."

ನಡುರಸ್ತೆಯಲ್ಲಿ ನನಗೆ ಅಳು ಬಂತು. ಬಿಸಿಲು ಎಂದು ಸೆರಗಿನಿಂದ ಮುಖ ಒರೆಸಿಕೊಂಡೆ.

ಆಕೆ ಪಾಸಾದಳು. ದೊಡ್ಡ ಅಂಕಗಳೇನಲ್ಲ, ಆದರೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಅರ್ಜಿ ಅಲ್ಲಿ ಇಲ್ಲಿ ಸುತ್ತಿ, ಮಳೆಗಾಲ ಕಳೆದು, ಕೊನೆಗೆ ಕೆಲಸದ ಆದೇಶ ಬಂತು. ಮೊದಲ ದಿನ ಜೊತೆಗೆ ಹೋಗಲೆಂದು ನಾನು ರಜೆ ಹಾಕಿ ಹಿಂದಿನ ಸಂಜೆಯೇ ಔರಾದಿಗೆ ಬಂದೆ. ಆಕೆ ಇಸ್ತ್ರಿ ಮಾಡಿದ ಸೀರೆಯನ್ನು ಕುರ್ಚಿಯ ಮೇಲೆ ಹಾಕಿಟ್ಟಿದ್ದಳು. ಊಟವಾದ ಮೇಲೆ ಅವ್ವನ ಮುಂದೆ ಕೂತು, ನಾಳೆ ಕೈಗೆ ಎರಡು ಬಳೆ ಹಾಕಿಕೊಂಡು ಹೋಗಲೇ ಎಂದು ಕೇಳಿದಳು. ಬರಿಗೈ ಕಂಡರೆ ಎಲ್ಲರೂ ಮೊದಲು ಕೈ ನೋಡುತ್ತಾರೆ, ಅಯ್ಯೋ ಅನ್ನುತ್ತಾರೆ, ಅಯ್ಯೋ ಅಂದವರು ಕೆಲಸ ಹೇಳುವುದಿಲ್ಲ, ನನಗೆ ಅಲ್ಲಿ ಕೆಲಸ ಮಾಡಬೇಕಾಗಿದೆ ಎಂದಳು. ಆಕೆ ಇಷ್ಟು ಉದ್ದ ಮಾತಾಡಿದ್ದನ್ನು ಆ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಬೇಡ ಎಂದಳು ಅವ್ವ. ನಾನು ಬಾಯಿ ತೆರೆದೆ. ಈ ಕಾಲದಲ್ಲಿ ಇದೆಲ್ಲ ಯಾರು ನೋಡುತ್ತಾರೆ, ನಿನ್ನ ಕಾಲ ಮುಗಿಯಿತು ಎಂದು ಅನ್ನುವವಳಿದ್ದೆ. ತಮ್ಮನ ಹೆಂಡತಿ ಕೈ ಎತ್ತಿ ನನ್ನನ್ನು ತಡೆದಳು.

"ಯಾಕ ಬ್ಯಾಡ, ಹೇಳ್ರಿ ಅತ್ತಿ. ನೀವು ಹೇಳಿದ್ದು ನಾ ಎಂದೂ ಮೀರಿಲ್ಲ. ಆದ್ರ ಯಾಕ ಅಂತ ನನಗ ಗೊತ್ತಾಗಬೇಕು."

ಅವ್ವ ಮೊದಲು ನಮ್ಮಲ್ಲಿ ಪದ್ಧತಿಯಿಲ್ಲ ಎಂದಳು. ಆಕೆ ಏಳಲಿಲ್ಲ. ಮಂದಿ ಏನಂದಾರು ಎಂದಳು ಅವ್ವ. ಆಗಲೂ ಸೊಸೆ ಏಳಲಿಲ್ಲ. ಪಾಠದ ದಿನಗಳಲ್ಲಿ ನಾನು ಸುಮ್ಮನೆ ಕೂತು ಕಾಯುತ್ತಿದ್ದೆನಲ್ಲ, ಹಾಗೆಯೇ ಕಾಯುತ್ತ ಕೂತಳು. ಅವ್ವ ತನ್ನ ಬರಿಯ ಮಣಿಕಟ್ಟನ್ನು ಸವರಿಕೊಂಡಳು. ನಾನು ಅವ್ವನ ಸಂಕಟವನ್ನು ಬಹಳ ಕಂಡಿದ್ದೇನೆ. ಆದರೆ ಅವ್ವ ಆಡಿದ ಆ ಮಾತಿಗೆ ನಾನು ತಯಾರಾಗಿರಲಿಲ್ಲ.

"ನನಗ ಕಣ್ಣಿಲ್ಲವ್ವ. ಅಂವ ಸಂಜಿಕಿ ಬಂದ ಕೂಡ್ಲೆ ನೀ ಓಡಿ ಹೋಗಿ ಬಾಗಿಲ ತಗೀತಿದ್ದಿ. ಬಳಿ ಸಪ್ಪಳಾದ್ರ ಮಗ ಬಂದ ಅಂತ ನನಗ ತಿಳೀತಿತ್ತು. ಈಗ ಆ ಸಪ್ಪಳ ಮತ್ತ ಕೇಳಿದ್ರ, ಬಂದ ಅಂತ ನಾ ಎದ್ದು ಕೂಡ್ತೇನಿ."

ಪದ್ಧತಿಯ ಜೊತೆ ಜಗಳವಾಡಲು ನಾನು ಸೆರಗು ಬಿಗಿದು ಕೂತಿದ್ದೆ. ಈ ಮಾತಿನ ಜೊತೆ ಹೇಗೆ ಜಗಳವಾಡುವುದು? ಮೊರ ಹಿಡಿದು ದಿನವಿಡೀ ಕಂಬಕ್ಕೆ ಒರಗಿರುವ ನಮ್ಮ ಅವ್ವ ಇಷ್ಟು ದಿನ ಏನನ್ನು ಕೇಳದಂತೆ ಕಿವಿ ಬಿಗಿಹಿಡಿದಿದ್ದಳೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಮ್ಮನ ಹೆಂಡತಿ ಎದ್ದು ಅವ್ವನ ಹಾಸಿಗೆ ಸರಿಮಾಡಿ, ನೀರಿನ ತಂಬಿಗೆ ಪಕ್ಕದಲ್ಲಿಟ್ಟಳು.

ಮರುದಿನ ಬರಿಗೈಯಲ್ಲೇ ಮನೆಯಿಂದ ಹೊರಟಳು. ಬಸ್ಸು ಊರು ದಾಟಿದ ಮೇಲೆ ಚೀಲದಿಂದ ಒಂದು ಕರವಸ್ತ್ರ ತೆಗೆದು ಬಿಚ್ಚಿದಳು. ಒಳಗೆ ಗಾಜಿನ ಬಳೆಗಳಿದ್ದವು, ಎರಡು ಈ ಕೈಗೆ, ಎರಡು ಆ ಕೈಗೆ. ಹಾಕಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು. ಕಚೇರಿಯಲ್ಲಿ ಯಾರೂ ಅಯ್ಯೋ ಅನ್ನಲಿಲ್ಲ. ಒಬ್ಬ ಹಿರಿಯ ಗುಮಾಸ್ತರು ಕಡತಗಳ ಒಂದು ರಾಶಿ ತೋರಿಸಿ ಇವನ್ನು ವರ್ಷವಾರು ಹೊಂದಿಸಮ್ಮಾ ಎಂದರು. ಸಂಜೆಯವರೆಗೆ ಹೊಂದಿಸಿದಳು. ನಾನು ಬೀದರಿನಲ್ಲಿ ಅಲ್ಲಿ ಇಲ್ಲಿ ಹೊತ್ತು ಕಳೆದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಆಕೆಯನ್ನು ಕೂಡಿಕೊಂಡೆ.

ವಾಪಸು ಬರುವಾಗ ಔರಾದಿನ ದೀಪಗಳು ಕಾಣತೊಡಗಿದ ಕೂಡಲೇ ಆಕೆ ಬಳೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ಸಪ್ಪಳವಾಗದಂತೆ, ಒಂದಕ್ಕೊಂದು ತಾಕದಂತೆ, ಕರವಸ್ತ್ರದ ಮಡಿಕೆಯಲ್ಲಿಟ್ಟಳು. ನನಗೆ ತಡೆಯಲಾಗಲಿಲ್ಲ. ಎಲ್ಲಾ ಪಡೆದುಕೊಂಡ ಮೇಲೂ ಇದೇನು, ಇರಲಿ ಬಿಡು, ಅವ್ವನಿಗೆ ನಾನು ಹೇಳುತ್ತೇನೆ, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ ಎಂದೆ. ಆಕೆ ಕರವಸ್ತ್ರದ ಗಂಟು ಬಿಗಿದು ಚೀಲದ ತಳಕ್ಕೆ ಇಟ್ಟು ನನ್ನ ಕಡೆ ತಿರುಗಿದಳು.

"ಬ್ಯಾಡ್ರಿ ಅಕ್ಕೋರ. ದಿನಾ ಸಂಜಿಕಿ ಅತ್ತಿಗಿ ಮಗ ಬಂದಂಗಾಗಿ, ದಿನಾ ಸಂಜಿಕಿ ಸಾಯಬಾರದು."

ಬಸ್ಸು ನಿಂತಿತು. ಇಬ್ಬರೂ ಇಳಿದು ಮನೆಯ ಕಡೆ ನಡೆದೆವು.